ಅಂಗಡಿಯ ಮುಖ ಕಾಣದ ಮೊದಲ ಡಿಜಿಟಲ್ ಕ್ಯಾಮೆರಾಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಜಿಟಲ್ ಕ್ಯಾಮೆರಾ ಜನಸಾಮಾನ್ಯರ ಕೈಗೆ ಬಂದದ್ದು 1990ರ ದಶಕದ ಉತ್ತರಾರ್ಧದಲ್ಲಿ. ಅದಕ್ಕೂ 20 ವರ್ಷ ಮೊದಲೇ ಅದು ಪ್ರಯೋಗಾಲಯಗಳಲ್ಲಿ, ಪತ್ರಿಕಾಗೋಷ್ಠಿಗಳಲ್ಲಿ, ವಸ್ತುಪ್ರದರ್ಶನಗಳ ಗಾಜಿನ ಪೆಟ್ಟಿಗೆಗಳಲ್ಲಿ ಇತ್ತು. ಹಾಗೆ ತಯಾರಾಗಿಯೂ ಮಾರಾಟವಾಗದೆ ಉಳಿದ ಕ್ಯಾಮೆರಾಗಳ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಚಿತ್ರ ತೆಗೆಯುವುದು ಚೆನ್ನಾಗಿಯೇ ಬರುತ್ತಿತ್ತು. ತೆಗೆದ ಚಿತ್ರವನ್ನು ಎಲ್ಲಿಡುವುದು, ಯಾವುದರಲ್ಲಿ ನೋಡುವುದು, ಹೇಗೆ ಪ್ರಿಂಟ್ ಹಾಕಿಸುವುದು ಎಂಬುದಕ್ಕೆ ಮಾತ್ರ ಆ ಕಾಲದ ಮನೆಗಳಲ್ಲಿ ಉತ್ತರವಿರಲಿಲ್ಲ.

ಮೊದಲ ಡಿಜಿಟಲ್ ಕ್ಯಾಮೆರಾ ಯಾರದು?

ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ, ಬೆಳಕನ್ನು ಅಂಕಿಗಳಾಗಿ ಬದಲಿಸಿ ತನ್ನೊಳಗೇ ದಾಖಲಿಸಿಕೊಳ್ಳುವ ಸ್ವತಂತ್ರ ಉಪಕರಣ ಎಂದು ಡಿಜಿಟಲ್ ಕ್ಯಾಮೆರಾವನ್ನು ಅರ್ಥೈಸಿದರೆ, ಆ ಗೌರವ ಅಮೆರಿಕದ ರೋಚೆಸ್ಟರ್ ನಗರದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಅವರು 1975ರಲ್ಲಿ ಕಟ್ಟಿದ ಮಾದರಿಗೆ ಸಲ್ಲುತ್ತದೆ. ಅವರಿಗಿಂತ ಮೊದಲೇ, 1972ರಲ್ಲಿ, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ವಿಲ್ಲಿಸ್ ಆಡ್‌ಕಾಕ್ ಫಿಲ್ಮ್ ಇಲ್ಲದ ಎಲೆಕ್ಟ್ರಾನಿಕ್ ಛಾಯಾಗ್ರಹಣದ ಬಗ್ಗೆ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. 1977ರಲ್ಲಿ ಪೇಟೆಂಟ್ ದೊರೆಯಿತಾದರೂ ಅದರಿಂದ ಅಂಗಡಿಗೆ ಬಂದ ಕ್ಯಾಮೆರಾ ಒಂದೂ ಇಲ್ಲ. ಇನ್ನು 1975ರಲ್ಲೇ ಹವ್ಯಾಸಿಗಳ ನಡುವೆ ಹೆಸರಾದ ಕ್ರೋಮೆಂಕೊ ಸೈಕ್ಲಾಪ್ಸ್ ಎಂಬ 32×32 ಬಿಂದುಗಳ ಕ್ಯಾಮೆರಾ ಮಾರಾಟವಾಗಿತ್ತು, ನಿಜ. ಆದರೆ ಅದು ಕಂಪ್ಯೂಟರಿಗೆ ಕಣ್ಣು ಜೋಡಿಸುವ ಸಾಧನವಾಗಿದ್ದುದರಿಂದ ಈ ಪುಟದ ವ್ಯಾಪ್ತಿಗೆ ಬರುವುದಿಲ್ಲ.

ಸ್ಯಾಸನ್ ಅವರ ಕ್ಯಾಮೆರಾದ ಒಳಗೆ ಏನೇನಿತ್ತು, ಅದು ಹೇಗೆ ಕೆಲಸ ಮಾಡುತ್ತಿತ್ತು?

ಬೆಲ್ ಲ್ಯಾಬ್ಸ್‌ನ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಕಂಡುಹಿಡಿದ ಸಿಸಿಡಿ ಎಂಬ ಬೆಳಕು ಗ್ರಹಿಸುವ ಚಿಪ್ಪು 1970ರ ದಶಕದ ನಡುವೆ ಮಾರುಕಟ್ಟೆಯಲ್ಲಿ ಸಿಗತೊಡಗಿತ್ತು. ಇದರಿಂದ ಛಾಯಾಗ್ರಹಣಕ್ಕೆ ಏನಾದರೂ ಪ್ರಯೋಜನವಿದೆಯೇ ನೋಡು ಎಂದು ಮೇಲಧಿಕಾರಿ ಗ್ಯಾರೆತ್ ಲಾಯ್ಡ್ ಅವರು, ಆಗ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರದ ಸ್ಯಾಸನ್ ಅವರಿಗೆ ಹೇಳಿದರು. ಅದು ದೊಡ್ಡ ಯೋಜನೆಯೇನೂ ಆಗಿರಲಿಲ್ಲ, ಪ್ರತ್ಯೇಕ ಹಣವೂ ಇರಲಿಲ್ಲ. ಸ್ಯಾಸನ್ ಫೇರ್‌ಚೈಲ್ಡ್ ಕಂಪನಿಯ 100×100 ಬಿಂದುಗಳ ಸಿಸಿಡಿಯೊಂದನ್ನು ತರಿಸಿಕೊಂಡರು; ಸೂಪರ್-8 ಚಲನಚಿತ್ರ ಕ್ಯಾಮೆರಾ ತಯಾರಿಸುವ ವಿಭಾಗದ ಬಿಡಿಭಾಗಗಳ ರಾಶಿಯಿಂದ ಮಸೂರವನ್ನು ಎತ್ತಿಕೊಂಡರು; ವಿದ್ಯುತ್ ಸಂಕೇತವನ್ನು ಅಂಕಿಗೆ ತಿರುಗಿಸುವ ಮೋಟೊರೋಲಾದ ಮಂಡಲ, ಒಂದು ಡಿಜಿಟಲ್ ಕ್ಯಾಸೆಟ್ ರೆಕಾರ್ಡರ್ ಮತ್ತು 16 ನಿಕಲ್-ಕ್ಯಾಡ್ಮಿಯಂ ಸೆಲ್ಲುಗಳನ್ನು ಸೇರಿಸಿದರು. ಎಲ್ಲ ಕೂಡಿ ಸುಮಾರು 3.6 ಕಿಲೋ ತೂಗಿತು.

ಗುಂಡಿ ಒತ್ತಿದಾಗ ಬೆಳಕು ಬೀಳುತ್ತಿದ್ದುದು ಸೆಕೆಂಡಿನ ಒಂದು ಸಣ್ಣ ಅಂಶದಷ್ಟು ಹೊತ್ತು ಮಾತ್ರ. ಆ 10,000 ಬಿಂದುಗಳ ಬೆಳಕಿನ ಅಳತೆಗಳು ಮೊದಲು ತಾತ್ಕಾಲಿಕ ಸ್ಮೃತಿಯಲ್ಲಿ ಕೂತು, ಅಲ್ಲಿಂದ ನಿಧಾನವಾಗಿ ಕ್ಯಾಸೆಟ್ಟಿಗೆ ಇಳಿಯುತ್ತಿದ್ದವು. ಈ ಇಳಿಕೆಗೆ 23 ಸೆಕೆಂಡ್ ಬೇಕಿತ್ತು. ನೋಡುವುದಕ್ಕೆ ಕ್ಯಾಸೆಟ್ಟನ್ನು ಹೊರತೆಗೆದು ಬೇರೊಂದು ಯಂತ್ರಕ್ಕೆ ಹಾಕಬೇಕು. ಅದು ಅಂಕಿಗಳನ್ನು ಓದಿ, ನಡುವಿನ ಗೆರೆಗಳನ್ನು ತಾನೇ ಲೆಕ್ಕಹಾಕಿ ತುಂಬಿ, ಟಿವಿ ಪರದೆಯ ಮೇಲೆ ಕಪ್ಪು-ಬಿಳುಪಿನ ಚಿತ್ರವನ್ನು ಮೂಡಿಸುತ್ತಿತ್ತು. ಒಂದು ಕ್ಯಾಸೆಟ್ಟಿನಲ್ಲಿ ಇನ್ನೂ ಹೆಚ್ಚು ಚಿತ್ರಗಳನ್ನು ಇಡಬಹುದಾಗಿದ್ದರೂ ಸ್ಯಾಸನ್ 30 ಎಂದು ಮಿತಿ ಹಾಕಿದರು. ಫಿಲ್ಮ್ ರೋಲಿನಲ್ಲಿ 24 ಅಥವಾ 36 ಚಿತ್ರ ಬರುತ್ತಿದ್ದ ಕಾಲದಲ್ಲಿ 30 ಎಂದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

1975ರ ಡಿಸೆಂಬರಿನಲ್ಲಿ ಅವರು ಮತ್ತು ತಂತ್ರಜ್ಞ ಜಿಮ್ ಶ್ಯೂಕ್ಲರ್ ಪಕ್ಕದ ಪ್ರಯೋಗಾಲಯದ ತರುಣಿಯೊಬ್ಬರ ಚಿತ್ರ ತೆಗೆದರು. ಪರದೆಯಲ್ಲಿ ಕಪ್ಪು ಕೂದಲೂ ಬಿಳಿಯ ಹಿನ್ನೆಲೆಯೂ ಸ್ಪಷ್ಟವಾಗಿ ಬಂದವು, ಮುಖವಿರಬೇಕಾದ ಜಾಗದಲ್ಲಿ ಮಾತ್ರ ಬರಿಯ ಗೋಜಲು ಇತ್ತು. ಇದಕ್ಕೆ ಇನ್ನೂ ಕೆಲಸ ಬೇಕು ಎಂದು ಹೇಳಿ ಆಕೆ ಹೊರಟುಹೋದರು. ಕೆಲವು ತಂತಿಗಳು ತಿರುಗುಮುರುಗಾಗಿದ್ದುದರಿಂದ ಬಿಟ್‌ಗಳ, ಅಂದರೆ ಅಂಕಿಯನ್ನು ಬರೆಯುವ ಸೊನ್ನೆ-ಒಂದುಗಳ, ಕ್ರಮ ಉಲ್ಟಾ ಆಗಿತ್ತು; ಪೂರ್ತಿ ಕಪ್ಪು ಮತ್ತು ಪೂರ್ತಿ ಬಿಳುಪು ಎರಡೂ ಉಲ್ಟಾ ಓದಿದರೂ ಹಾಗೆಯೇ ಉಳಿಯುತ್ತವೆ, ನಡುವಿನ ಛಾಯೆಗಳು ಮಾತ್ರ ಕೆಡುತ್ತವೆ. ತಂತಿ ಸರಿಪಡಿಸಿದ ಮೇಲೆ ಮುಖ ಬಂತು.

ಈ ಕ್ಯಾಮೆರಾವನ್ನು ಕೊಡಕ್ ಹೆದರಿ ಮುಚ್ಚಿಟ್ಟಿತು ಎನ್ನುತ್ತಾರಲ್ಲ, ಅದು ನಿಜವೇ?

ಅರ್ಧ ನಿಜ. ಆಡಳಿತದ ಪಾಠಗಳಲ್ಲಿ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾರೆಂದರೆ, 1975ರ ಆ ಪೆಟ್ಟಿಗೆಯನ್ನು ಆಗಲೇ ಅಂಗಡಿಯಲ್ಲಿಟ್ಟಿದ್ದರೆ ಜನ ಮುಗಿಬಿದ್ದು ಕೊಳ್ಳುತ್ತಿದ್ದರೇನೋ ಎಂಬ ಭಾವನೆ ಬರುತ್ತದೆ. 10,000 ಬಿಂದುಗಳ ಕಪ್ಪು-ಬಿಳುಪು ಚಿತ್ರಕ್ಕಾಗಿ 23 ಸೆಕೆಂಡ್ ಕಾಯುವ, 3.6 ಕಿಲೋ ಹೊರುವ, ನೋಡಲು ಮತ್ತೊಂದು ಯಂತ್ರ ಖರೀದಿಸುವ ಗ್ರಾಹಕ ಆಗ ಇರಲಿಲ್ಲ. ಅದು ಮಾರಾಟದ ಸರಕು ಎಂದು ಕಟ್ಟಿದವರೂ ಭಾವಿಸಿರಲಿಲ್ಲ.

1976ರಲ್ಲಿ ಸ್ಯಾಸನ್ ಇದನ್ನು ಕಂಪನಿಯ ಬೇರೆ ಬೇರೆ ವಿಭಾಗಗಳ ಹಿರಿಯರಿಗೆ ತೋರಿಸುತ್ತ ಹೋದರು. ಸಭೆಗೆ ಬಂದವರ ಚಿತ್ರವನ್ನು ಅಲ್ಲೇ ತೆಗೆದು, ಅಲ್ಲೇ ಟಿವಿಯಲ್ಲಿ ತೋರಿಸುತ್ತಿದ್ದರು. ಹೇಗೆ ಮಾಡಿದೆ ಎಂದು ಕೇಳುತ್ತಾರೆಂದು ಅವರು ಸಿದ್ಧರಾಗಿ ಹೋಗಿದ್ದರೆ, ಎದುರಾದ ಪ್ರಶ್ನೆಗಳೆಲ್ಲ ಏಕೆ ಎಂಬ ಬಗೆಯವು: ತನ್ನ ಫೋಟೊವನ್ನು ಟಿವಿಯಲ್ಲಿ ನೋಡಲು ಯಾರಿಗೆ ಮನಸ್ಸಾದೀತು, ಇದನ್ನು ಎಲ್ಲಿ ಜೋಪಾನವಾಗಿ ಇಡುವುದು, ಇದರ ಆಲ್ಬಮ್ ಹೇಗಿರುತ್ತದೆ, ಜನ ಬಳಸುವಂತಾಗಲು ಎಷ್ಟು ವರ್ಷ ಬೇಕು. ಕೊನೆಯ ಪ್ರಶ್ನೆಗೆ ಸ್ಯಾಸನ್ 15ರಿಂದ 20 ವರ್ಷ ಎಂದು ಉತ್ತರಿಸಿದರು. ಸಾಧಾರಣ ಫಿಲ್ಮಿಗೆ ಸಮನಾಗಲು 20 ಲಕ್ಷ ಪಿಕ್ಸೆಲ್ ಬೇಕೆಂದು ಇಟ್ಟುಕೊಂಡು, ಚಿಪ್ಪುಗಳ ಸಾಮರ್ಥ್ಯ ಬೆಳೆಯುತ್ತಿದ್ದ ವೇಗದಿಂದ ಹಾಕಿದ ಅಂದಾಜು ಅದು. ಹೆಚ್ಚುಕಡಿಮೆ ಹಾಗೆಯೇ ಆಯಿತು. ಸಭೆಯಲ್ಲಿ ಕೇಳಿದ ಪ್ರಶ್ನೆಗಳೂ ದಡ್ಡ ಪ್ರಶ್ನೆಗಳಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಅವಕ್ಕೆ ಉತ್ತರ ಹುಡುಕುವ ಕೆಲಸಕ್ಕೆ ಹಣ ಹೂಡುವ ಉತ್ಸಾಹ ಕಂಪನಿಗೆ ಇರಲಿಲ್ಲ ಎಂಬುದು ಬೇರೆ ಮಾತು. ಉಪಕರಣಕ್ಕೆ 1978ರಲ್ಲಿ ಪೇಟೆಂಟ್ ಬಂತು, ಆದರೆ ಅದರ ಬಗ್ಗೆ ಹೊರಗೆ ಮಾತನಾಡಲು ಬಹುಕಾಲ ಅವಕಾಶವಿರಲಿಲ್ಲ.

ಹಾಗಾದರೆ ಕೊಡಕ್ ನಿಜವಾಗಿಯೂ ಕೈಬಿಟ್ಟ ಅವಕಾಶ ಯಾವುದು?

1989ರ ಇಕ್ಯಾಮ್. ಇದರ ಹೆಸರು ಬಹಳ ಜನರಿಗೆ ಗೊತ್ತಿಲ್ಲ. ಸ್ಯಾಸನ್ ಮತ್ತು ರಾಬರ್ಟ್ ಹಿಲ್ಸ್ ಸೇರಿ ರೂಪಿಸಿದ ಈ ಕ್ಯಾಮೆರಾ, ಡಿಎಸ್‌ಎಲ್‌ಆರ್ ಎಂಬ, ಮಸೂರ ಬದಲಿಸಬಹುದಾದ ಇಂದಿನ ಡಿಜಿಟಲ್ ಕ್ಯಾಮೆರಾ ಬಳಸಿದವರು ನೋಡಿದ ಕೂಡಲೇ ಗುರುತಿಸಬಹುದಾದ ಆಕಾರದಲ್ಲಿತ್ತು. 12 ಲಕ್ಷ ಪಿಕ್ಸೆಲ್ಲುಗಳ ಸೆನ್ಸರ್ ಇತ್ತು, ಚಿತ್ರವನ್ನು ಸಂಕುಚಿಸಿ ಮೆಮೊರಿ ಕಾರ್ಡಿನಲ್ಲಿ ಇಡುತ್ತಿತ್ತು. 1975ರ ಮಾದರಿಯಲ್ಲಿ ಕಾಣುತ್ತಿದ್ದ ತೂಕ, ನಿಧಾನ, ಮಸುಕು ಎಂಬ ಕುಂದುಗಳು ಇಲ್ಲಿ ಬಹುಮಟ್ಟಿಗೆ ನೀಗಿದ್ದವು. ಮಾರಾಟ ವಿಭಾಗದವರು ಇದನ್ನು ಮಾರಲು ಬರುವುದಿಲ್ಲ ಎನ್ನಲಿಲ್ಲ; ಮಾರಿದರೆ ಫಿಲ್ಮಿನ ವ್ಯಾಪಾರವನ್ನು ತಿಂದುಹಾಕುತ್ತದೆ ಎಂದರು ಎಂಬುದನ್ನು ಸ್ಯಾಸನ್ ಅವರೇ ಮುಂದೆ ಹೇಳಿದ್ದಾರೆ. ಫಿಲ್ಮ್, ಅದನ್ನು ತೊಳೆಯುವ ರಾಸಾಯನಿಕ, ಪ್ರಿಂಟಿನ ಕಾಗದ ಈ ಮೂರರಲ್ಲೂ ಲಾಭ ಕಾಣುತ್ತಿದ್ದ ಕಂಪನಿಗೆ, ಒಮ್ಮೆ ಮಾರಿದ ಮೇಲೆ ಗ್ರಾಹಕ ಮತ್ತೆ ಅಂಗಡಿಗೆ ಬರಬೇಕಿಲ್ಲದ ಕ್ಯಾಮೆರಾ ಬೇಡವಾಗಿತ್ತು. ಹೆದರಿಕೆಯಿಂದ ಮುಚ್ಚಿಟ್ಟರು ಎಂಬ ಮಾತು 1975ರದಕ್ಕಿಂತ ಈ ಕ್ಯಾಮೆರಾಕ್ಕೆ ಹೆಚ್ಚು ಒಪ್ಪುತ್ತದೆ.

1991ರಲ್ಲಿ ಕೊಡಕ್ ನಿಕಾನ್ ಎಫ್3 ಕ್ಯಾಮೆರಾಕ್ಕೆ ತನ್ನ ಸೆನ್ಸರ್ ಜೋಡಿಸಿ ಡಿಸಿಎಸ್ ಎಂಬ ಡಿಜಿಟಲ್ ಕ್ಯಾಮೆರಾ ಮಾರಿತು. ಚಿತ್ರಗಳನ್ನು ತುಂಬುವ ಪೆಟ್ಟಿಗೆಯನ್ನು ಹೆಗಲಿಗೆ ನೇತುಹಾಕಿಕೊಳ್ಳಬೇಕಿತ್ತು, ಬೆಲೆ ಸುಮಾರು 20,000 ಡಾಲರ್. ಅದು ಪತ್ರಿಕಾ ಛಾಯಾಗ್ರಾಹಕರಿಗೆಂದೇ ಬಂದದ್ದು. ಮನೆಯವರ ಫಿಲ್ಮ್ ಖರೀದಿಗೆ ಅದರಿಂದ ತೊಂದರೆಯಿರಲಿಲ್ಲ.

ಮಾರದಿದ್ದರೂ ಪೇಟೆಂಟಿನಿಂದ ಕೊಡಕ್‌ಗೆ ಲಾಭವಾಯಿತೇ?

ಆಯಿತು. 2007ರಲ್ಲಿ ಅಮೆರಿಕದಲ್ಲಿ ಅವಧಿ ಮುಗಿಯುವವರೆಗೂ ಆ ಮೂಲ ಪೇಟೆಂಟ್ ಇತರ ತಯಾರಕರಿಂದ ದೊಡ್ಡ ಮೊತ್ತವನ್ನು ತಂದಿತು. 2012ರ ಜನವರಿಯಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ಅದೇ ವರ್ಷದ ಕೊನೆಗೆ ತನ್ನ ಡಿಜಿಟಲ್ ಚಿತ್ರ ಪೇಟೆಂಟುಗಳನ್ನು ಸುಮಾರು 52.5 ಕೋಟಿ ಡಾಲರಿಗೆ ಮಾರಲು ಒಪ್ಪಂದ ಮಾಡಿಕೊಂಡಿತು.

1981ರ ಸೋನಿ ಮಾವಿಕಾ ಡಿಜಿಟಲ್ ಕ್ಯಾಮೆರಾ ಅಲ್ಲವೇ?

ಅಲ್ಲ. 1981ರ ಆಗಸ್ಟಿನಲ್ಲಿ ಸೋನಿ ಕಂಪನಿಯ ಅಕಿಯೊ ಮೊರಿಟಾ ಟೋಕಿಯೊದಲ್ಲಿ ಮಾವಿಕಾವನ್ನು ಜಗತ್ತಿಗೆ ತೋರಿಸಿದಾಗ ಫಿಲ್ಮಿನ ಕಾಲ ಮುಗಿಯಿತೆಂದು ಪತ್ರಿಕೆಗಳು ಬರೆದವು. ಅದರಲ್ಲಿ 570×490 ಬಿಂದುಗಳ ಸಿಸಿಡಿ ಇತ್ತು, ಮಸೂರಗಳನ್ನು ಬದಲಾಯಿಸಬಹುದಿತ್ತು, ಒಂದು ಪುಟ್ಟ ಕಾಂತೀಯ ಡಿಸ್ಕಿನಲ್ಲಿ 50 ಚಿತ್ರ ಹಿಡಿಯುತ್ತಿತ್ತು. ಆದರೆ ಆ ಡಿಸ್ಕಿನ ಮೇಲೆ ಬರೆಯುತ್ತಿದ್ದುದು ಅಂಕಿಗಳನ್ನಲ್ಲ, ಟಿವಿಯ ಅನಲಾಗ್ ಸಂಕೇತವನ್ನು. ಡಿಸ್ಕು ನಿಮಿಷಕ್ಕೆ 3,600 ಸುತ್ತು, ಅಂದರೆ ಸೆಕೆಂಡಿಗೆ 60 ಸುತ್ತು ತಿರುಗುತ್ತಿತ್ತು. ಒಂದು ಸುತ್ತಿನಲ್ಲಿ ಒಂದು ಚಿತ್ರ. ಶಟರ್ ವೇಗವೂ 1/60 ಸೆಕೆಂಡಿಗೇ ಕಟ್ಟಿಬಿದ್ದಿತ್ತು. ಹೀಗಾಗಿ ಅದನ್ನು ಒಂದೊಂದೇ ಚೌಕಟ್ಟನ್ನು ಹಿಡಿಯುವ ವಿಡಿಯೊ ಕ್ಯಾಮೆರಾ ಎನ್ನುವುದೇ ಸರಿ.

ಅಂಕಿಗಳಲ್ಲೇ ಬರೆಯಬಾರದಿತ್ತೇ ಎಂದು ಕೇಳುವವರು ಒಂದು ಲೆಕ್ಕ ನೋಡಬೇಕು. ಒಂದು ಬಿಂದುವಿಗೆ ಒಂದು ಬೈಟ್ ಎಂದರೂ ಮಾವಿಕಾದ ಒಂದು ಚಿತ್ರಕ್ಕೆ ಸುಮಾರು 2.8 ಲಕ್ಷ ಬೈಟ್ ಬೇಕು. ಅದೇ ಆಗಸ್ಟಿನಲ್ಲಿ ಹೊರಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಫ್ಲಾಪಿಯಲ್ಲಿ ಇದ್ದ ಜಾಗ 160 ಕೆಬಿ. ಒಂದೇ ಒಂದು ಚಿತ್ರವೂ ಅದರಲ್ಲಿ ಪೂರ್ತಿ ಹಿಡಿಯುತ್ತಿರಲಿಲ್ಲ.

ಮಾವಿಕಾ ಕೊನೆಗೆ ಮಾರಾಟವಾಯಿತೇ?

1981ರಲ್ಲಿ ತೋರಿಸಿದ ಮಾದರಿ ಆಗಲಿಲ್ಲ. ಸ್ಟಿಲ್ ವಿಡಿಯೊ ಎಂಬ ಈ ಬಗೆಯಲ್ಲಿ ಮೊದಲು ಅಂಗಡಿಗೆ ಬಂದದ್ದು 1986ರ ಕ್ಯಾನನ್ ಆರ್‌ಸಿ-701. ಸೋನಿಯ ಮಾವಿಕಾ ಹೆಸರಿನ ಬೇರೆ ಮಾದರಿಗಳು ಆಮೇಲೆ ಬಂದವು. ಪ್ರಿಂಟ್ ಹಾಕಿಸಿದರೆ ಫಿಲ್ಮಿನ ಮುಂದೆ ನಿಲ್ಲದ ಈ ಚಿತ್ರಗಳು ಮನೆಬಳಕೆಗೆ ಒಗ್ಗಲಿಲ್ಲ. ಬೇಗ ಕಳಿಸುವುದೇ ಮುಖ್ಯವಾಗಿದ್ದ ಸುದ್ದಿಮನೆಗಳು ಮಾತ್ರ ಸ್ವಲ್ಪ ಕಾಲ ಇವನ್ನು ಬಳಸಿದವು.

ಫ್ಯೂಜಿ ಡಿಎಸ್-1ಪಿ ಪೂರ್ತಿ ಡಿಜಿಟಲ್ ಆಗಿದ್ದೂ ಯಾಕೆ ಮಾರಾಟಕ್ಕೆ ಬರಲಿಲ್ಲ?

ಈ ಪಟ್ಟಿಯಲ್ಲಿ ನನಗೆ ಅತ್ಯಂತ ಕುತೂಹಲದ ಕ್ಯಾಮೆರಾ ಇದೇ, ಏಕೆಂದರೆ ಇದರಲ್ಲಿ ಮುಂದಿನ ಎಲ್ಲ ಕ್ಯಾಮೆರಾಗಳ ರೂಪರೇಖೆ ಕಾಣುತ್ತದೆ. 1988ರಲ್ಲಿ ಪಶ್ಚಿಮ ಜರ್ಮನಿಯ ಕಲೋನ್ ನಗರದ ಫೋಟೊಕಿನಾ ಪ್ರದರ್ಶನದಲ್ಲಿ ಫ್ಯೂಜಿ ಇದನ್ನು ಇಟ್ಟಿತು. 4 ಲಕ್ಷ ಪಿಕ್ಸೆಲ್ಲುಗಳ ಸಿಸಿಡಿ, ತೋಷಿಬಾ ಜೊತೆ ಸೇರಿ ತಯಾರಿಸಿದ 2 ಎಂಬಿಯ ತೆಗೆದುಹಾಕಬಹುದಾದ ಮೆಮೊರಿ ಕಾರ್ಡು, ಚಿತ್ರವೆಲ್ಲ ಅಂಕಿಗಳಲ್ಲೇ. ಟೇಪು, ತಿರುಗುವ ಡಿಸ್ಕು ಯಾವುದೂ ಇಲ್ಲ.

ತೊಡಕೂ ಆ ಕಾರ್ಡಿನಲ್ಲೇ ಇತ್ತು. ಸಂಕುಚಿಸದೆ ಇಟ್ಟರೆ ಒಂದು ಚಿತ್ರಕ್ಕೆ 4 ಲಕ್ಷ ಬೈಟ್, ಆಗ ಕಾರ್ಡು ಐದು ಚಿತ್ರಕ್ಕೆ ತುಂಬುತ್ತದೆ. ಸಂಕುಚಿಸಿದರೆ ಹತ್ತರವರೆಗೆ ಹೋಗಬಹುದು. 36 ಚಿತ್ರಗಳ ರೋಲು ಎಲ್ಲೆಂದರಲ್ಲಿ ಸಿಗುತ್ತಿದ್ದಾಗ ಇಷ್ಟಕ್ಕಾಗಿ ಅಷ್ಟು ದುಬಾರಿ ಕಾರ್ಡನ್ನು ಯಾರು ಕೊಳ್ಳಬೇಕು? ಅದರಲ್ಲಿದ್ದುದು ಎಸ್‌ರ್‍ಯಾಮ್ ಬಗೆಯ ಸ್ಮೃತಿಯಾದ್ದರಿಂದ ವಿದ್ಯುತ್ ನಿಂತರೆ ಚಿತ್ರಗಳೂ ಹೋಗುತ್ತಿದ್ದವು. ಚಿತ್ರಗಳನ್ನು ಉಳಿಸುವುದಕ್ಕಾಗಿಯೇ ಒಂದು ಬ್ಯಾಟರಿ ಬೇಕಿತ್ತು. ಮದುವೆಯ ಫೋಟೊಗಳನ್ನು ಬ್ಯಾಟರಿಯ ಆಯಸ್ಸಿಗೆ ಒಪ್ಪಿಸಿ ನೆಮ್ಮದಿಯಾಗಿ ನಿದ್ದೆ ಮಾಡುವವರು ಕಡಿಮೆ. ಮುಂದಿನ ವರ್ಷ ಇದರ ಉತ್ತರಾಧಿಕಾರಿಯಾದ ಡಿಎಸ್-ಎಕ್ಸ್ ಜಪಾನಿನಲ್ಲಿ ಮಾರಾಟಕ್ಕೆ ಬಂತೆಂದು ಫ್ಯೂಜಿ ಹೇಳುತ್ತದೆ, ಅದೂ ಮನೆಮಾತಾಗಲಿಲ್ಲ.

ಆಗ ಫ್ಲ್ಯಾಶ್ ಮೆಮೊರಿ ಇರಲಿಲ್ಲವೇ?

ಇತ್ತು. ತೋಷಿಬಾದಲ್ಲಿದ್ದ ಫುಜಿಯೊ ಮಸುಒಕಾ 1984ರಲ್ಲೇ ಅದನ್ನು ವಿದ್ವತ್ ಸಭೆಯಲ್ಲಿ ಮಂಡಿಸಿದ್ದರು. ಕ್ಯಾಮೆರಾಕ್ಕೆ ಹೊಂದುವ ಗಾತ್ರ ಮತ್ತು ಬೆಲೆಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು: ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡು 1994ರಲ್ಲಿ, ಸ್ಮಾರ್ಟ್‌ಮೀಡಿಯಾ 1995ರಲ್ಲಿ ಬಂದವು. ಚಿತ್ರ ಸಂಕುಚಿಸುವ ಜೆಪೆಗ್ ವಿಧಾನ ಪ್ರಮಾಣೀಕೃತವಾದದ್ದು 1992ರಲ್ಲಿ. ಈ ಎರಡರಲ್ಲಿ ಒಂದಿಲ್ಲದಿದ್ದರೂ ಜನಸಾಮಾನ್ಯರ ಡಿಜಿಟಲ್ ಕ್ಯಾಮೆರಾ ಸಾಧ್ಯವಾಗುತ್ತಿರಲಿಲ್ಲ.

ಕ್ಯಾಸಿಯೊ ಕಂಪನಿಯ ಬಿಸಿಯಾಗುವ ಕ್ಯಾಮೆರಾದ ಕಥೆ ಏನು?

ಕ್ಯಾಸಿಯೊ 1987ರಲ್ಲಿ ವಿಎಸ್-101 ಎಂಬ ಸ್ಟಿಲ್ ವಿಡಿಯೊ ಕ್ಯಾಮೆರಾ ಮಾರಿ ಕೈಸುಟ್ಟುಕೊಂಡಿತು. ಅಷ್ಟೇ ಹಣಕ್ಕೆ ಚಲಿಸುವ ಚಿತ್ರ ತೆಗೆಯುವ ಪುಟ್ಟ ವಿಡಿಯೊ ಕ್ಯಾಮೆರಾಗಳು ಬರತೊಡಗಿದಾಗ ನಿಂತ ಚಿತ್ರ ಯಾರಿಗೂ ಬೇಡವಾಯಿತು. ಆದರೂ ಎಂಜಿನಿಯರ್ ಹಿರೊಯುಕಿ ಸುಎತಾಕ ಮತ್ತು ಜೊತೆಗಾರರು ಪೂರ್ತಿ ಡಿಜಿಟಲ್ ಮಾದರಿಯೊಂದನ್ನು ಕಟ್ಟಿದರು. ಡಿಸಿ-90 ಎಂಬ ಆ ಯಂತ್ರ ಸುಮಾರು 3 ಕಿಲೋ ತೂಗುತ್ತಿತ್ತು. ಎಲ್ಲವನ್ನೂ ಒಂದೇ ಚಿಪ್ಪಿಗೆ ಇಳಿಸುವ ಸೌಕರ್ಯವಿಲ್ಲದೆ ಬಿಡಿಬಿಡಿ ಚಿಪ್ಪುಗಳನ್ನು ತುಂಬಿದ್ದರಿಂದ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. ಮಾಡಿದವರೇ ಅದಕ್ಕೆ ಭಾರದ ಹುಡುಗಿ, ಬಿಸಿಯ ಹುಡುಗಿ ಎಂದು ಅಡ್ಡಹೆಸರಿಟ್ಟಿದ್ದರು.

ಅದು ಮಾರಾಟವಾಗುವ ಮಾತೇ ಇರಲಿಲ್ಲ. ಆದರೆ ತೆಗೆದ ಚಿತ್ರವನ್ನು ಆ ಕ್ಷಣವೇ ನೋಡುವುದರಲ್ಲಿ ಒಂದು ಸುಖವಿದೆ ಎಂಬುದು ಆ ತಂಡಕ್ಕೆ ಮನವರಿಕೆಯಾಯಿತು. ಕ್ಯಾಮೆರಾ ಎಂದರೆ ಕಂಪನಿಯಲ್ಲಿ ಯಾರೂ ಒಪ್ಪುವುದಿಲ್ಲವೆಂದು, ಕಂಪನಿಗೆ ಪರಿಚಿತವಾಗಿದ್ದ ಕಿರು ಟಿವಿಗೆ ಕ್ಯಾಮೆರಾ ಸೇರಿಸುತ್ತೇವೆ ಎಂಬ ರೂಪದಲ್ಲಿ ಯೋಜನೆಯನ್ನು ಮುಂದಿಟ್ಟರು. ಅದರಿಂದ ಹುಟ್ಟಿದ್ದು 1995ರಲ್ಲಿ 65,000 ಯೆನ್‌ಗೆ ಬಂದ ಕ್ಯೂವಿ-10, ಹಿಂಬದಿಯಲ್ಲಿ 1.8 ಅಂಗುಲದ ಬಣ್ಣದ ಪರದೆಯಿದ್ದ ಕ್ಯಾಮೆರಾ. ಚಿತ್ರದ ಗುಣಮಟ್ಟ ಸಾಧಾರಣ, ಆದರೂ ಅದು ಗೆದ್ದಿತು. 1976ರಲ್ಲಿ ಕೊಡಕ್‌ನ ಹಿರಿಯರು ಕೇಳಿದ್ದ, ಪರದೆಯಲ್ಲಿ ಫೋಟೊ ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ.

ಆ ದಿನಗಳಲ್ಲಿ ಸಿಸಿಡಿ ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತೇ?

ಮನೆಗಳಲ್ಲಿ ಅಲ್ಲ, ಆಕಾಶದಲ್ಲಿ ಇತ್ತು. ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ ರೂಪುಗೊಂಡು 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ ಐಆರ್‌ಎಸ್-1ಎ ಉಪಗ್ರಹದ ಲಿಸ್ ಕ್ಯಾಮೆರಾಗಳಲ್ಲಿ ಇದ್ದುದು ಸಿಸಿಡಿಗಳೇ. ಅವು ಚೌಕಾಕಾರದ ಚಿಪ್ಪುಗಳಲ್ಲ, 2,048 ಬಿಂದುಗಳ ಒಂದೇ ಸಾಲು. ಉಪಗ್ರಹ ಮುಂದೆ ಸಾಗಿದಂತೆ ಗೆರೆ ಗೆರೆಯಾಗಿ ನೆಲದ ಚಿತ್ರ ಮೂಡುತ್ತಿತ್ತು. ಫ್ಯೂಜಿ ತನ್ನ ಐದು ಚಿತ್ರಗಳ ಕಾರ್ಡನ್ನು ಕಲೋನಿನಲ್ಲಿ ತೋರಿಸಿದ ವರ್ಷವೇ ಇದು ಎಂಬುದನ್ನು ಗಮನಿಸಬಹುದು. ಚಿತ್ರವನ್ನು ಕೂಡಲೇ ಭೂಮಿಗೆ ರವಾನಿಸಿಬಿಡುವ ಉಪಗ್ರಹಕ್ಕೆ ಕಾರ್ಡಿನ ಚಿಂತೆಯಿಲ್ಲ, ಬೆಲೆಯ ಚಿಂತೆಯೂ ಗ್ರಾಹಕನಷ್ಟಿಲ್ಲ.

ಹಳೆಯ ಫಿಲ್ಮ್ ಕ್ಯಾಮೆರಾವನ್ನೇ ಡಿಜಿಟಲ್ ಮಾಡುವ ರೋಲು ಬರುತ್ತದೆ ಎಂದಿದ್ದರಲ್ಲ, ಅದು ಏನಾಯಿತು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಮೇಜೆಕ್ ಎಂಬ ಹೆಸರಿನಲ್ಲಿ ಶುರುವಾಗಿ, ಮುಂದೆ ಸಿಲಿಕಾನ್ ಫಿಲ್ಮ್ ಟೆಕ್ನಾಲಜೀಸ್ ಎಂದು ಹೆಸರು ಬದಲಿಸಿಕೊಂಡ ಕಂಪನಿಯೊಂದು 1998ರಲ್ಲಿ ಈ ಆಸೆ ಹುಟ್ಟಿಸಿತು. ಇಎಫ್‌ಎಸ್-1 ಎಂಬ ಈ ಸಾಧನ ನೋಡಲು 35 ಮಿಮೀ ಫಿಲ್ಮ್ ಡಬ್ಬಿಯಂತೆಯೇ ಇತ್ತು: ಡಬ್ಬಿಯೊಳಗೆ ಬ್ಯಾಟರಿ ಮತ್ತು ಎಲೆಕ್ಟ್ರಾನಿಕ್ ಭಾಗಗಳು, ಅದರಿಂದ ಚಾಚಿದ ಪಟ್ಟಿಯ ಮೇಲೆ, ಫಿಲ್ಮ್ ಹರಡಿಕೊಳ್ಳುವ ಜಾಗದಲ್ಲಿ, 13 ಲಕ್ಷ ಪಿಕ್ಸೆಲ್ಲುಗಳ ಸೆನ್ಸರ್. ನಿಕಾನ್ ಮತ್ತು ಕ್ಯಾನನ್‌ನ ಕೆಲವು ಮಾದರಿಗಳಿಗೆ ಹೊಂದುವಂತೆ, 24 ಚಿತ್ರ ಹಿಡಿಯುವಂತೆ ಯೋಜಿಸಿದ್ದರು.

ಕೇಳಲು ಸರಳವಾದ ಈ ಉಪಾಯದೊಳಗೆ ತೊಡಕುಗಳು ಬಹಳ. ಫಿಲ್ಮ್ ಕ್ಯಾಮೆರಾ ತನ್ನ ಶಟರ್ ಯಾವಾಗ ತೆರೆಯಿತೆಂದು ಫಿಲ್ಮಿಗೆ ತಿಳಿಸುವುದಿಲ್ಲ, ತಿಳಿಸುವ ಅಗತ್ಯವೂ ಇರಲಿಲ್ಲ. ಒಳಗಿರುವ ಸೆನ್ಸರ್ ಅದನ್ನು ತಾನೇ ಪತ್ತೆಹಚ್ಚಬೇಕು. ಫಿಲ್ಮ್ ಎಷ್ಟು ತೆಳುವೋ ಅಷ್ಟೇ ಜಾಗದಲ್ಲಿ ಸೆನ್ಸರ್ ಕೂರಬೇಕು, ಇಲ್ಲವಾದರೆ ಫೋಕಸ್ ತಪ್ಪುತ್ತದೆ. ಸೆನ್ಸರ್ ಫಿಲ್ಮಿನ ಚೌಕಟ್ಟಿಗಿಂತ ಬಹಳ ಚಿಕ್ಕದಾದ್ದರಿಂದ ಕಿಂಡಿಯಲ್ಲಿ ಕಂಡದ್ದರ ನಡುಭಾಗ ಮಾತ್ರ ಚಿತ್ರದಲ್ಲಿ ಬರುತ್ತಿತ್ತು. ಇಷ್ಟಾದರೂ 2001ರ ಆರಂಭದಲ್ಲಿ ಕೆಲಸ ಮಾಡುವ ಮಾದರಿ ತೋರಿಸಿದರು. ಅದೇ ವರ್ಷ ವಿದ್ಯುತ್ಕಾಂತೀಯ ಹೊರಸೂಸುವಿಕೆಯ ಯುರೋಪಿನ ಪ್ರಮಾಣಪತ್ರ ಸಿಗಲಿಲ್ಲ, ಹಣ ಹಾಕುತ್ತಿದ್ದ ಮಾತೃಸಂಸ್ಥೆ ಕೈ ಹಿಂದೆಗೆಯಿತು, ಸೆಪ್ಟೆಂಬರಿನಲ್ಲಿ ಕೆಲಸ ನಿಂತಿತು. ಅಷ್ಟು ಹೊತ್ತಿಗೆ ಅದಕ್ಕಿಂತ ಹೆಚ್ಚು ಪಿಕ್ಸೆಲ್ಲುಗಳ ಪೂರ್ಣ ಡಿಜಿಟಲ್ ಕ್ಯಾಮೆರಾಗಳು ಸಿಗುತ್ತಿದ್ದವು. ಪ್ರಮಾಣಪತ್ರ ಸಿಕ್ಕಿದ್ದರೂ ಬಹಳ ದಿನ ಬಾಳುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಪೆಂಟಾಕ್ಸ್ ರದ್ದುಮಾಡಿದ ಕ್ಯಾಮೆರಾವೂ ಈ ಪಟ್ಟಿಗೆ ಸೇರುತ್ತದೆಯೇ?

ಅಂಚಿನಲ್ಲಿ ಸೇರಿಸಬಹುದು. 2000ದ ಫೋಟೊಕಿನಾದಲ್ಲಿ ಪೆಂಟಾಕ್ಸ್ 35 ಮಿಮೀ ಚೌಕಟ್ಟಿನಷ್ಟೇ ದೊಡ್ಡದಾದ, 60 ಲಕ್ಷ ಪಿಕ್ಸೆಲ್ಲುಗಳ ಫಿಲಿಪ್ಸ್ ಸೆನ್ಸರ್ ಇದ್ದ ಕ್ಯಾಮೆರಾ ತೋರಿಸಿ, ಮರುವರ್ಷ ತಯಾರಿಕಾ ವೆಚ್ಚ ಮಿತಿಮೀರಿದ ಕಾರಣ ಕೈಬಿಟ್ಟಿತು. ಅದೇ ಸೆನ್ಸರ್ ಬಳಸಿದ ಕಾಂಟ್ಯಾಕ್ಸ್ ಎನ್ ಡಿಜಿಟಲ್ 2002ರಲ್ಲಿ ಮಾರಾಟಕ್ಕೆ ಬಂದು ಬೇಗನೆ ಮರೆಯಾಯಿತು.

ಕೊನೆಗೂ ಜನ ಕೊಂಡ ಮೊದಲ ಡಿಜಿಟಲ್ ಕ್ಯಾಮೆರಾ ಯಾವುದು?

ಡಿಎಸ್-ಎಕ್ಸ್ ಬಗ್ಗೆ ಫ್ಯೂಜಿ ಹೇಳುವುದನ್ನು ಒಪ್ಪಿದರೆ ಅದು. ಅಮೆರಿಕದ ಮಟ್ಟಿಗೆ ಹೇಳುವುದಾದರೆ 1990ರ ಡೈಕ್ಯಾಮ್ ಮಾಡೆಲ್ 1; ಲಾಜಿಟೆಕ್ ಇದನ್ನೇ ಫೋಟೊಮ್ಯಾನ್ ಎಂಬ ಹೆಸರಿನಲ್ಲಿ ಮಾರಿತು. 376×240 ಪಿಕ್ಸೆಲ್ಲುಗಳ ಕಪ್ಪು-ಬಿಳುಪು ಚಿತ್ರಗಳು, ಒಟ್ಟು 32. ಕಾರ್ಡು ಇಲ್ಲ, ಪರದೆ ಇಲ್ಲ. ತಂತಿ ಹಾಕಿ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆಯೇ ಏನು ಬಂದಿದೆ ಎಂದು ತಿಳಿಯುತ್ತಿತ್ತು. ಡಿಎಸ್-1ಪಿಯನ್ನು ಕಾಡಿದ ತೊಂದರೆ ಇದರಲ್ಲೂ ಇತ್ತು: ಬ್ಯಾಟರಿ ಖಾಲಿಯಾದರೆ ಇಳಿಸಿಕೊಳ್ಳದ ಚಿತ್ರಗಳು ಅಳಿಸಿಹೋಗುತ್ತಿದ್ದವು. ಆದರೂ ಇದು ಮಾರಾಟವಾಯಿತು, ಏಕೆಂದರೆ ಕೊಂಡವರು ಕಚೇರಿಯ ವರದಿ ಮತ್ತು ವಾರ್ತಾಪತ್ರಗಳನ್ನು ಕಂಪ್ಯೂಟರಿನಲ್ಲೇ ಸಿದ್ಧಪಡಿಸುತ್ತಿದ್ದವರು. ಅವರಿಗೆ ಬೇಕಾದದ್ದು ಆಲ್ಬಮ್ಮಿನ ಫೋಟೊ ಅಲ್ಲ, ಪುಟದ ಮೂಲೆಯಲ್ಲಿ ಕೂರಿಸುವ ಸಣ್ಣದೊಂದು ಚಿತ್ರ, ಅದನ್ನು ಇಳಿಸಿಕೊಳ್ಳುವ ಯಂತ್ರ ಅವರ ಮೇಜಿನ ಮೇಲೆ ಆಗಲೇ ಇತ್ತು.